ಮಧ್ಯಾಹ್ನ ದಾಟಿತು, ಇನ್ನು ಊಟ ಬೇಡ: ಬೌದ್ಧ ಗೃಹಸ್ಥರ ಉಪೋಸಥ ಅಂದರೇನು?

ಹಾಸನದಲ್ಲಿ ನಮ್ಮ ಚಿಕ್ಕಮ್ಮನ ಮನೆಯ ಗೃಹಪ್ರವೇಶ. ಅವತ್ತು ಹುಣ್ಣಿಮೆ. ಪೂಜೆ ಮುಗಿದು ಮೊದಲ ಪಂಕ್ತಿಗೆ ಎಲೆ ಹಾಕುವಾಗ ಒಂದೂಕಾಲು ಗಂಟೆ. ಚಿಕ್ಕಪ್ಪನ ಜೊತೆ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಬೇಲೂರಿನಿಂದ ಬಂದಿದ್ದರು. ಎಷ್ಟು ಕರೆದರೂ ಅವರು ಎಲೆ ಮುಂದೆ ಕೂರಲಿಲ್ಲ. "ಹೊತ್ತು ದಾಟಿತಲ್ಲಮ್ಮ, ಇವತ್ತು ಇನ್ನು ಉಣ್ಣೋದಿಲ್ಲ. ಒಂದು ಲೋಟ ನಿಂಬೆ ಪಾನಕ ಕೊಡಿ, ಸಾಕು" ಅಂದರು. ಚಿಕ್ಕಮ್ಮನ ಮುಖ ಸಣ್ಣದಾಯಿತು. ಒಳಗೆ ಬಂದು ನನ್ನ ಹತ್ತಿರ ಕೇಳಿದರು: "ನಮ್ಮನೆ ಅನ್ನ ಅವರಿಗೆ ಆಗಲ್ವಾ? ಅಥವಾ ಈರುಳ್ಳಿ ಹಾಕಿದ್ದು ತಪ್ಪಾಯ್ತಾ?"

ಎರಡೂ ಅಲ್ಲ. ಆ ಹಿರಿಯರು ಬೌದ್ಧ ಉಪಾಸಕರು. ಅಂದರೆ ಸನ್ಯಾಸಿಯಲ್ಲದ, ಮನೆ ಮಕ್ಕಳೊಂದಿಗೆ ಇದ್ದುಕೊಂಡೇ ಬುದ್ಧನ ದಾರಿ ಹಿಡಿದವರು. ಅವತ್ತು ಅವರಿಗೆ ಉಪೋಸಥದ ದಿನ. ಅಂಬೇಡ್ಕರ್ ಅವರ ಹಾದಿಯಲ್ಲಿ ಬೌದ್ಧರಾದ ಮನೆಗಳು ನಮ್ಮ ಕಡೆ ಇವೆ. ಹತ್ತು ದಿನದ ವಿಪಶ್ಯನಾ ಧ್ಯಾನ ಶಿಬಿರಕ್ಕೆ ಹೋಗಿ ಬಂದು "ರಾತ್ರಿ ಊಟ ಬೇಡ" ಅನ್ನುವ ಹುಡುಗರೂ ಇದ್ದಾರೆ. ಹಾಗಾಗಿ ಚಿಕ್ಕಮ್ಮನ ಪ್ರಶ್ನೆ ಇನ್ನೂ ಎಷ್ಟೋ ಅಡುಗೆಮನೆಗಳಲ್ಲಿ ಎದ್ದಿರುತ್ತದೆ. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ದಿನವೂ ಐದು, ಕೆಲವು ದಿನ ಎಂಟು

ಬೌದ್ಧ ಗೃಹಸ್ಥರಿಗೆ ದಿನನಿತ್ಯ ಇರುವುದು ಪಂಚಶೀಲ. ಕೊಲ್ಲುವುದು, ಕದಿಯುವುದು, ತಪ್ಪು ಲೈಂಗಿಕ ನಡತೆ, ಸುಳ್ಳು, ಮತ್ತೇರಿಸುವ ಪಾನೀಯ, ಈ ಐದರಿಂದ ದೂರ ಇರುತ್ತೇನೆ ಅನ್ನುವ ಮಾತು. ಬಾಯಿಗೆ ಹಾಕಿಕೊಳ್ಳುವ ವಸ್ತುವಿನ ಬಗ್ಗೆ ಇದರಲ್ಲಿ ನೇರವಾಗಿ ಇರುವುದು ಐದನೆಯದು ಮಾತ್ರ. ಹೆಂಡ, ಸಾರಾಯಿ ಯಾವ ದಿನವೂ ಇಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದಾಗ ಅಂಬೇಡ್ಕರ್ ತಮ್ಮ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಮದ್ಯ ಕುಡಿಯುವುದಿಲ್ಲ ಅನ್ನುವುದು ಒಂದು. ಉಪವಾಸ ಮಾಡಲೇಬೇಕು ಅನ್ನುವ ಪ್ರತಿಜ್ಞೆ ಅದರಲ್ಲಿ ಇಲ್ಲ.

ಉಪೋಸಥದ ದಿನ ಈ ಐದು ಎಂಟಾಗುತ್ತವೆ. ಅದಕ್ಕೆ ಅಷ್ಟಶೀಲ ಎಂದು ಹೆಸರು. ಅವತ್ತು ಮೂರನೆಯದು ಪೂರ್ತಿ ಬ್ರಹ್ಮಚರ್ಯವಾಗುತ್ತದೆ. ಹೊಸದಾಗಿ ಸೇರುವ ಮೂರರಲ್ಲಿ ಒಂದು ಹಾಡು, ಕುಣಿತ, ಹೂವು, ಸುಗಂಧ ಬಿಡುವುದು. ಇನ್ನೊಂದು ಎತ್ತರದ, ಸುಖದ ಹಾಸಿಗೆ ಬಿಡುವುದು. ಆರನೆಯದು ಊಟದ್ದು. ಹಳೆಯ ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ಅದನ್ನು "ವಿಕಾಲ ಭೋಜನ" ಬಿಡುವುದು ಅನ್ನುತ್ತಾರೆ. ಕನ್ನಡದಲ್ಲಿ ಹೇಳಬೇಕೆಂದರೆ, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣದಿರುವುದು.

ಯಾವುದು ಹೊತ್ತು? ಬೆಳಗಾದಾಗಿನಿಂದ ನಡುಹಗಲಿನವರೆಗೆ. ನಡುಹಗಲು ದಾಟಿದರೆ ಮರುದಿನ ಬೆಳಗಾಗುವವರೆಗೂ ಗಟ್ಟಿ ಆಹಾರ ಇಲ್ಲ.

ಹಾಗಾಗಿ ಇದು ಹಸಿದುಕೊಂಡೇ ಇರುವ ವ್ರತವಲ್ಲ. ಬೆಳಿಗ್ಗೆ ಏಳಕ್ಕೆ ಅಕ್ಕಿರೊಟ್ಟಿ ತಿಂದು, ಹನ್ನೊಂದಕ್ಕೆ ಮುದ್ದೆ ಅವರೆಕಾಳು ಸಾರು ಉಂಡರೂ ಉಪೋಸಥ ಕೆಡುವುದಿಲ್ಲ. ಒಂದೇ ಹೊತ್ತು ಉಣ್ಣುವವರೂ ಇದ್ದಾರೆ, ಅದು ಅವರವರ ಇಷ್ಟ.

ನಮಗೆ ಗೊತ್ತಿರುವ ಬೇರೆ ಉಪವಾಸಗಳ ಪಕ್ಕ ಇಟ್ಟರೆ

ಹಗಲು ರಾತ್ರಿ ಸೇರಿದ 24 ಗಂಟೆಯನ್ನು ಒಂದು ದುಂಡು ರೊಟ್ಟಿ ಅಂದುಕೊಳ್ಳಿ. ರಂಜಾನ್ ತಿಂಗಳಲ್ಲಿ ಮುಸ್ಲಿಮರು ನಸುಕಿನಿಂದ ಸೂರ್ಯ ಮುಳುಗುವವರೆಗಿನ ತುಂಡನ್ನು ಬಿಡುತ್ತಾರೆ, ನೀರೂ ಇಲ್ಲ. ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳದ ಕಡೆ ಜೈನರನ್ನು ನೋಡಿದ್ದೀರಲ್ಲ, ಅವರಲ್ಲಿ ನಿಯಮ ಪಾಲಿಸುವವರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಬೌದ್ಧರ ಉಪೋಸಥದಲ್ಲಿ ಉಣ್ಣಲು ಉಳಿಯುವುದು ಬೆಳಗಿನಿಂದ ನಡುಹಗಲಿನವರೆಗಿನ ಕಾಲು ರೊಟ್ಟಿ. ಏಕಾದಶಿಯ ಲೆಕ್ಕವೇ ಬೇರೆ. ಅಲ್ಲಿ ಅನ್ನ, ಬೇಳೆ ಬಿಟ್ಟು ಅವಲಕ್ಕಿಯೋ ಹಣ್ಣೋ ತಿನ್ನುವವರಿದ್ದಾರೆ, ಏನನ್ನೂ ಮುಟ್ಟದವರೂ ಇದ್ದಾರೆ. ಏಕಾದಶಿಗೆ ಪದಾರ್ಥ ಮುಖ್ಯ, ಉಪೋಸಥಕ್ಕೆ ಹೊತ್ತು ಮುಖ್ಯ.

ಉಪವಾಸ, ಉಪೋಸಥ ಎರಡೂ ಒಂದೇ ಬೇರಿನ ಪದಗಳು. ಉಪ ಅಂದರೆ ಹತ್ತಿರ, ವಾಸ ಅಂದರೆ ಇರುವುದು. ಪದದ ಒಳಗೆ ಹಸಿವು ಎಲ್ಲೂ ಇಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಉಪೋಸಥ ಬರುವುದು ಹುಣ್ಣಿಮೆ, ಅಮಾವಾಸ್ಯೆ ಮತ್ತು ಎರಡು ಅಷ್ಟಮಿಗಳಲ್ಲಿ. ಹೀಗೆ ತಿಂಗಳಿಗೆ ನಾಲ್ಕು ದಿನ. ಹುಣ್ಣಿಮೆಯೊಂದನ್ನೇ ಹಿಡಿದವರು ಜಾಸ್ತಿ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ, ಅದನ್ನು ಪೋಯ ಅನ್ನುತ್ತಾರೆ. ಈ ದಿನಗಳನ್ನು ಬುದ್ಧನೇ ಹೊಸದಾಗಿ ಹುಡುಕಿದ್ದಲ್ಲ. ಬೇರೆ ಪಂಥದವರು ಪಕ್ಷದ 8, 14, 15ನೇ ದಿನ ಸೇರಿ ಧರ್ಮದ ಮಾತಾಡುತ್ತಿದ್ದರು. ಅದನ್ನು ನೋಡಿದ ಮಗಧದ ರಾಜ ಬಿಂಬಿಸಾರ, ನಿಮ್ಮವರೂ ಹೀಗೆ ಸೇರಬಾರದೇ ಎಂದು ಬುದ್ಧನನ್ನು ಕೇಳಿದ. ಭಿಕ್ಷುಗಳು ಸೇರಿದರು, ಆದರೆ ಸುಮ್ನೆ ಕೂತಿದ್ದರು. ಕೇಳಲು ಬಂದ ಜನ "ಮೂಗ ಹಂದಿಗಳ ಹಾಗೆ ಕೂತಿದ್ದಾರಲ್ಲ" ಎಂದು ಗೊಣಗಿದ ಮೇಲೆ ಆ ದಿನಗಳಲ್ಲಿ ಧರ್ಮ ಹೇಳುವುದು ಶುರುವಾಯಿತು. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಈ ಕತೆ ಇದೆ.

ಹನ್ನೆರಡು ಅಂದರೆ ಯಾವ ಹನ್ನೆರಡು?

ನಡುಹಗಲು ಅಂದರೆ ಸೂರ್ಯ ನೆತ್ತಿಗೆ ಬರುವ ಹೊತ್ತು. ಬುದ್ಧನ ಕಾಲದಲ್ಲಿ ಗಡಿಯಾರ ಇರಲಿಲ್ಲ, ನೆರಳು ಇತ್ತು. ಹಾಸನದಲ್ಲಿ ಗಡಿಯಾರ ಹನ್ನೆರಡು ಹೊಡೆದಾಗ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ.

ಕಾರಣ ಸರಳ. ಇಡೀ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಆ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಹಾಸನ ಇರುವುದು ಸುಮಾರು 76 ಡಿಗ್ರಿಯಲ್ಲಿ. ಒಂದು ಡಿಗ್ರಿ ಪಶ್ಚಿಮಕ್ಕೆ ಬಂದರೆ ಸೂರ್ಯ 4 ನಿಮಿಷ ತಡ. ಆರೂವರೆ ಡಿಗ್ರಿಗೆ ಸುಮಾರು 26 ನಿಮಿಷ. ಇದರ ಮೇಲೆ ಭೂಮಿ ಸೂರ್ಯನನ್ನು ಸುತ್ತುವ ರೀತಿಯಿಂದ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ನವೆಂಬರ್ ಮೊದಲ ವಾರದಲ್ಲಿ ಹಾಸನದ ನಡುಹಗಲು ಸುಮಾರು 12:10ಕ್ಕೆ, ಫೆಬ್ರವರಿ ನಡುವೆ ಸುಮಾರು 12:40ಕ್ಕೆ. ಬುದ್ಧ ಪೂರ್ಣಿಮೆ ಬರುವ ಮೇ ತಿಂಗಳಲ್ಲಿ ಸುಮಾರು 12:22. ಚಿಕ್ಕಮಗಳೂರು ಇನ್ನೂ ಚೂರು ಪಶ್ಚಿಮಕ್ಕಿದೆ, ಒಂದೆರಡು ನಿಮಿಷ ಸೇರಿಸಿಕೊಳ್ಳಿ.

ಹಾಗಂತ 12:21ರವರೆಗೆ ತುತ್ತು ಎಣಿಸುತ್ತಾ ಕೂರುವುದು ನಿಯಮದ ಆಶಯವಲ್ಲ. ಹೆಚ್ಚಿನವರು ಗಡಿಯಾರದ ಹನ್ನೆರಡಕ್ಕೇ ಕೈ ತೊಳೆಯುತ್ತಾರೆ. ವಿಪಶ್ಯನಾ ಶಿಬಿರಗಳಲ್ಲಿ ಹನ್ನೊಂದಕ್ಕೇ ಊಟ. ಮೊದಲ ಸಲ ಬಂದವರಿಗೆ ಸಂಜೆ ಐದಕ್ಕೆ ಹಣ್ಣು, ಚಹಾ ಸಿಗುತ್ತದೆ. ಹಿಂದೆ ಶಿಬಿರ ಮಾಡಿದವರು ಅಷ್ಟಶೀಲ ತೆಗೆದುಕೊಂಡಿರುತ್ತಾರೆ, ಅವರಿಗೆ ನಿಂಬೆ ನೀರಿನಂಥದ್ದು ಮಾತ್ರ. ಬೆಳಗಿನ ಲೆಕ್ಕಕ್ಕೂ ಗಡಿಯಾರ ಬೇಡ. ಮನೆಯ ಹೊರಗೆ ಕೈ ಚಾಚಿದರೆ ಅಂಗೈ ಗೆರೆ ಕಾಣುವಷ್ಟು ಬೆಳಕು ಬಂದರೆ ಹೊತ್ತಾಯಿತು ಎಂದು ಗುರುತು ಹಿಡಿಯುವ ರೂಢಿ ಇದೆ. ಮಲೆನಾಡಿನ ಆಷಾಢದಲ್ಲಿ ಸೂರ್ಯನೂ ಇಲ್ಲ, ನೆರಳೂ ಇಲ್ಲ. ಆಗ ಈ ಗೆರೆಯ ಗುರುತೇ ವಾಸಿ.

ಇಷ್ಟಕ್ಕೂ ಈ ನಿಯಮ ಯಾಕೆ ಬಂತು?

ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 66ನೇ ಸುತ್ತದಲ್ಲಿ, ಅಂದರೆ ಉಪದೇಶದಲ್ಲಿ, ಉದಾಯಿ ಎಂಬ ಭಿಕ್ಷು ತನ್ನ ಹಳೆಯ ದಿನಗಳನ್ನು ನೆನೆಯುತ್ತಾನೆ. ಮೊದಲು ಭಿಕ್ಷುಗಳು ಬೆಳಿಗ್ಗೆ, ಹಗಲು, ರಾತ್ರಿ ಮೂರೂ ಹೊತ್ತು ಉಣ್ಣುತ್ತಿದ್ದರು. ಬುದ್ಧ ಮೊದಲು ಮಧ್ಯಾಹ್ನದ ಮೇಲಿನ ಊಟ ಬಿಡಿ ಎಂದ. ಆಮೇಲೆ ರಾತ್ರಿಯದೂ ಬೇಡ ಎಂದ. ಉದಾಯಿಗೆ ಬೇಜಾರಾಯಿತಂತೆ. ಯಾಕೆಂದರೆ ಒಳ್ಳೆಯ ಅಡುಗೆ ಆಗುತ್ತಿದ್ದದ್ದೇ ರಾತ್ರಿ. ಹಗಲು ಏನಾದರೂ ಚೆನ್ನಾಗಿರುವುದು ಸಿಕ್ಕಿದರೆ ಮನೆಯವರು "ಇಟ್ಟಿರು, ಸಂಜೆ ಎಲ್ಲರೂ ಸೇರಿ ತಿನ್ನೋಣ" ಅನ್ನುತ್ತಿದ್ದರು. ಎರಡೂವರೆ ಸಾವಿರ ವರ್ಷದ ಹಿಂದಿನ ಈ ಮಾತು ಥೇಟ್ ನಮ್ಮ ಮನೆಗಳ ಮಾತು, ಅಲ್ವಾ?

ಆದರೆ ರಾತ್ರಿ ಭಿಕ್ಷೆಗೆ ಹೋದವರ ಪಾಡೂ ಉದಾಯಿಗೆ ನೆನಪಿದೆ. ಕತ್ತಲಲ್ಲಿ ಕೊಚ್ಚೆಗೆ ಬಿದ್ದವರು, ಮುಳ್ಳಿನ ಪೊದೆಗೆ ಸಿಕ್ಕವರು, ಮಲಗಿದ್ದ ಹಸುವನ್ನು ಎಡವಿದವರು. ಒಂದು ರಾತ್ರಿ ಹೆಂಗಸೊಬ್ಬಳು ಹೊರಗೆ ಪಾತ್ರೆ ತೊಳೆಯುತ್ತಿದ್ದಳು. ಮಿಂಚು ಹೊಡೆಯಿತು. ಆ ಬೆಳಕಿನಲ್ಲಿ ಎದುರಿಗೆ ನಿಂತಿದ್ದ ಉದಾಯಿ ಕಂಡ. ಪಿಶಾಚಿಯೇ ಬಂತು ಎಂದು ಅವಳು ಕಿರುಚಿಕೊಂಡಳು. "ತಂಗಿ, ನಾನು ಪಿಶಾಚಿಯಲ್ಲ, ಭಿಕ್ಷೆಗೆ ನಿಂತ ಭಿಕ್ಷು" ಎಂದು ಇವನು. ಹೊಟ್ಟೆಗಾಗಿ ಹೀಗೆ ಕತ್ತಲಲ್ಲಿ ಅಲೆಯುತ್ತೀಯಾ ಎಂದು ಅವಳು ಚೆನ್ನಾಗಿ ಬೈದಳು.

ಅನ್ನ ಬೇಯಿಸಿ ಕೊಡುವವರು ಗೃಹಸ್ಥರು, ಉಣ್ಣುವವರು ಭಿಕ್ಷುಗಳು. ಹೊತ್ತಿಗೊಂದು ಮಿತಿ ಇದ್ದರೆ ಕೊಡುವವರಿಗೆ ಕಾಟ ಕಮ್ಮಿ, ಉಣ್ಣುವವರಿಗೆ ಅಲೆದಾಟ ಕಮ್ಮಿ. ಇನ್ನೊಂದು ಸುತ್ತದಲ್ಲಿ ಬುದ್ಧ ತನ್ನ ಅನುಭವವನ್ನೇ ಹೇಳುತ್ತಾನೆ: ರಾತ್ರಿ ಉಣ್ಣದೆ ಇರುವುದರಿಂದ ನನಗೆ ಕಾಯಿಲೆ ಕಮ್ಮಿ, ಮೈ ಹಗುರ, ಶಕ್ತಿಯೂ ಇದೆ.

ಇವೆಲ್ಲ ಭಿಕ್ಷುಗಳ ಮಾತಾಯಿತು. ಗೃಹಸ್ಥರಿಗೆ ಯಾಕೆ? ಶ್ರಾವಸ್ತಿಯ ವಿಶಾಖೆ ಎಂಬ ಉಪಾಸಿಕೆಗೆ ಬುದ್ಧ ಇದನ್ನು ವಿವರಿಸುತ್ತಾನೆ. ಅರಹಂತರು, ಅಂದರೆ ಆಸೆ ದ್ವೇಷಗಳನ್ನು ಪೂರ್ತಿ ಗೆದ್ದವರು, ಬದುಕಿಡೀ ಹೀಗಿರುತ್ತಾರೆ, ನಾನು ಈ ಒಂದು ಹಗಲು ಒಂದು ರಾತ್ರಿ ಅವರ ಹಾಗೆ ಇದ್ದು ನೋಡುತ್ತೇನೆ. ಇದೇ ಉಪೋಸಥದ ತಿರುಳು. ಅಲ್ಲೇ ಅವನು ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ದನ ಕಾಯುವವನು ಸಂಜೆ ದನಗಳನ್ನು ಒಡೆಯರಿಗೆ ಒಪ್ಪಿಸಿ, "ಇವತ್ತು ಅಲ್ಲಿ ಮೇಯ್ದವು, ಅಲ್ಲಿ ನೀರು ಕುಡಿದವು, ನಾಳೆ ಇನ್ನೆಲ್ಲಿ ಹೊಡೆಯಲಿ" ಎಂದು ಲೆಕ್ಕ ಹಾಕುತ್ತಾನೆ. ಹಾಗೆಯೇ ಉಪೋಸಥ ಹಿಡಿದವನು "ಇವತ್ತು ಇದು ತಿಂದೆ, ನಾಳೆ ಅದು ತಿನ್ನುವೆ" ಅಂದುಕೊಂಡು ಕೂತರೆ ಅದು ದನಗಾಹಿಯ ಉಪೋಸಥ. ಫಲ ಹೆಚ್ಚಿಲ್ಲ ಅನ್ನುತ್ತಾನೆ ಬುದ್ಧ. ಕೆರೆ ಏರಿಯ ಮೇಲೆ ಸಂಜೆ ದನ ಹೊಡೆದುಕೊಂಡು ಬರುವವರನ್ನು ನೋಡಿದವರಿಗೆ ಇದಕ್ಕೆ ಬೇರೆ ವಿವರಣೆ ಬೇಡ.

ಸಂಜೆಯ ಕಾಫಿ, ಕಬ್ಬಿನ ಹಾಲು, ಎಳನೀರು

ನಮ್ಮ ಕಡೆಯವರು ಮೊದಲು ಕೇಳುವ ಪ್ರಶ್ನೆ ಇದೇ. ಕಾಫಿ ಆಗುತ್ತಾ?

ಬುದ್ಧನ ಕಾಲಕ್ಕೆ ಇಲ್ಲಿ ಕಾಫಿ ಇರಲಿಲ್ಲ, ಹಾಗಾಗಿ ಅದರ ಹೆಸರಿನಲ್ಲಿ ನಿಯಮ ಇಲ್ಲ. ಇರುವ ನಿಯಮಗಳಿಂದ ಊಹಿಸಬೇಕು. ಮಧ್ಯಾಹ್ನದ ಮೇಲೆ ನೀರು ಯಾವಾಗಲೂ ಆಗುತ್ತದೆ. ಹಣ್ಣಿನ ರಸವನ್ನು ಶೋಧಿಸಿ, ತಿರುಳು ಉಳಿಯದ ಹಾಗೆ, ಕುದಿಸದೆ ಕುಡಿಯಬಹುದು. ವಿನಯಪಿಟಕ ಎಂಟು ಪಾನಕಗಳನ್ನು ಹೆಸರಿಸುತ್ತದೆ. ಅದರಲ್ಲಿ ಮಾವು, ನೇರಳೆ, ಬಾಳೆ, ದ್ರಾಕ್ಷಿ ನಮಗೂ ಗೊತ್ತಿರುವವು. ಕಬ್ಬಿನ ಹಾಲಿಗೂ ಒಪ್ಪಿಗೆ ಇದೆ. ಧಾನ್ಯದ ರಸ ಕೂಡದು, ಅಂದರೆ ರಾಗಿ ಅಂಬಲಿ, ಗಂಜಿ ತಿಳಿ ಇಲ್ಲ. ಅರಸೀಕೆರೆ ಕಡೆಯವರು ಎಳನೀರು ಕೇಳುತ್ತಾರೆ. ಹಳೆಯ ವ್ಯಾಖ್ಯಾನಗಳು ತೆಂಗು, ಹಲಸು, ಕುಂಬಳದಂಥ ದೊಡ್ಡ ಕಾಯಿಗಳ ರಸವನ್ನು ಪಾನಕದ ಲೆಕ್ಕದಿಂದ ಹೊರಗಿಟ್ಟಿವೆ. ಜೇನು, ಬೆಲ್ಲ, ತುಪ್ಪ, ಬೆಣ್ಣೆ, ಎಣ್ಣೆ ಔಷಧದ ಗುಂಪಿಗೆ ಸೇರುತ್ತವೆ, ಸುಸ್ತಾದಾಗ ಸ್ವಲ್ಪ ಬಾಯಿಗೆ ಹಾಕಿಕೊಳ್ಳಬಹುದು.

ಹಾಲನ್ನು ಶ್ರೀಲಂಕಾ, ಥಾಯ್ಲೆಂಡ್‌ನ ಹೆಚ್ಚಿನ ಕಡೆ ಆಹಾರ ಎಂದೇ ಎಣಿಸುತ್ತಾರೆ. ಆ ಲೆಕ್ಕದಲ್ಲಿ ಸಂಜೆಯ ಹಾಲು ಕಾಫಿ ಇಲ್ಲ, ಮಜ್ಜಿಗೆಯೂ ಇಲ್ಲ. ಡಿಕಾಕ್ಷನ್‌ಗೆ ಬೆಲ್ಲ ಹಾಕಿದ ಕಪ್ಪು ಕಾಫಿಗೆ ಅಡ್ಡಿಯಿಲ್ಲ. ಮಲೆನಾಡಿನ ತೋಟದ ಮನೆಗಳಲ್ಲಿ ಮಳೆಗಾಲದ ಸಂಜೆ ಕುಡಿಯುವ ಬೆಲ್ಲದ ಕಾಫಿಯೇ ಅದು. ಕಾಫಿ ಐದನೆಯ ಶೀಲದ ಮತ್ತೇರಿಸುವ ಪಾನೀಯಕ್ಕೂ ಸೇರುವುದಿಲ್ಲ.

ಕೋಳಿ ಸಾರಿನ ಪ್ರಶ್ನೆ

"ಬೌದ್ಧರು ಅಂದರೆ ಪೂರ್ತಿ ಸಸ್ಯಾಹಾರಿಗಳು" ಅಂತ ಬಹಳ ಜನ ನಂಬಿದ್ದಾರೆ. ಪಾಲಿ ಗ್ರಂಥಗಳಲ್ಲಿ ಗೃಹಸ್ಥರು ಮಾಂಸ ತಿನ್ನಬಾರದು ಎಂಬ ನಿಯಮ ಇಲ್ಲ. ಕೊಲ್ಲಬಾರದು ಎಂಬುದು ಇದೆ. ಮಾಂಸ ಮಾರಿ ಬದುಕುವುದೂ ಉಪಾಸಕನಿಗೆ ಸಲ್ಲದ ಐದು ವ್ಯಾಪಾರಗಳಲ್ಲಿ ಒಂದು. ಉಳಿದವು ಆಯುಧ, ಜೀವಿಗಳು, ಮದ್ಯ ಮತ್ತು ವಿಷ.

ಭಿಕ್ಷುಗಳಿಗೆ ಬುದ್ಧ ಹಾಕಿದ ಷರತ್ತು ಮೂರು. ತನಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಅನುಮಾನವೂ ಇರಬಾರದು. ಇವುಗಳಲ್ಲಿ ಒಂದಿದ್ದರೂ ಆ ಮಾಂಸ ಬೇಡ. ನಮ್ಮ ಹಳ್ಳಿಗಳ ಕಡೆ ನೆಂಟರು ಬಸ್ಸಿಳಿದರೆ ಹಿತ್ತಲಲ್ಲಿ ಕೋಳಿ ಹಿಡಿಯುತ್ತಾರೆ. ಪ್ರೀತಿಯಿಂದಲೇ. ಆದರೆ ಭಿಕ್ಷುವಿಗೆ ಆ ಸಾರು ಸಲ್ಲುವುದಿಲ್ಲ, ಕೊಯ್ದದ್ದೇ ಅವರಿಗಾಗಿ. ಗೃಹಸ್ಥರಿಗೆ ಈ ಮೂರು ಷರತ್ತು ಕಡ್ಡಾಯವಲ್ಲ. ಆದರೆ ತಾನೇ ಕೊಯ್ದರೆ ಅಥವಾ "ಒಂದು ಕೋಳಿ ಕೊಯ್ಯಿ" ಎಂದು ಹೇಳಿ ಕೊಯ್ಯಿಸಿದರೆ ಮೊದಲ ಶೀಲ ಮುರಿಯುತ್ತದೆ.

ದೇಶದಿಂದ ದೇಶಕ್ಕೆ ಇದು ಬದಲಾಗುತ್ತದೆ. ಚೀನಾ, ವಿಯೆಟ್ನಾಂ ಕಡೆಯ ಮಹಾಯಾನ ಎಂಬ ಬೌದ್ಧ ಪಂಥದಲ್ಲಿ ಭಿಕ್ಷುಗಳು ಮಾಂಸದ ಜೊತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಅಲ್ಲಿನ ಗೃಹಸ್ಥರಲ್ಲಿ ಅನೇಕರು ಚಾಂದ್ರಮಾಸದ 1 ಮತ್ತು 15ನೇ ದಿನ ಸಸ್ಯಾಹಾರ ಮಾಡುತ್ತಾರೆ. ಚಿಕ್ಕಮ್ಮನಿಗೆ ಈರುಳ್ಳಿಯ ಅನುಮಾನ ಬಂದದ್ದು ಪೂರ್ತಿ ಆಧಾರವಿಲ್ಲದ್ದೇನಲ್ಲ. ನಮಗೆ ಹತ್ತಿರದ ಬೈಲಕುಪ್ಪೆಯಲ್ಲಿ ಟಿಬೆಟನ್ನರಿದ್ದಾರೆ. ಅರಕಲಗೂಡು, ಕೊಣನೂರಿನ ಮೇಲೆ ಕುಶಾಲನಗರಕ್ಕೆ ಹೋದರೆ ಅಲ್ಲೇ ಪಕ್ಕ. ಟಿಬೆಟನ್ನರಲ್ಲಿ ಮಾಂಸ ತಿನ್ನುವವರು ಬಹಳ, ಚಳಿಯ ಎತ್ತರದ ನಾಡಿನಲ್ಲಿ ತರಕಾರಿ ಬೆಳೆಯುವುದೇ ಕಷ್ಟವಿತ್ತು. ಆದರೆ ಅವರ ನಾಲ್ಕನೇ ತಿಂಗಳಾದ ಸಾಗಾ ದಾವಾದಲ್ಲಿ ಮಾಂಸ ಬಿಡುವವರು ಅನೇಕ. ನ್ಯುಂಗ್ನೆ ಎಂಬ ಎರಡು ದಿನದ ವ್ರತವೂ ಅವರಲ್ಲಿದೆ. ಮೊದಲ ದಿನ ಒಂದೇ ಊಟ. ಎರಡನೇ ದಿನ ಅನ್ನವಿಲ್ಲ, ನೀರಿಲ್ಲ, ಮಾತೂ ಇಲ್ಲ. ಬೌದ್ಧರ ಗೃಹಸ್ಥ ವ್ರತಗಳಲ್ಲಿ ನನಗೆ ತಿಳಿದಂತೆ ಇದೇ ಬಹಳ ಕಠಿಣ.

ಎಷ್ಟು ಉಣ್ಣಬೇಕು?

ಹನ್ನೆರಡರ ಒಳಗೆ ಉಣ್ಣಬೇಕೆಂದು ಹನ್ನೊಂದಕ್ಕೆ ಕೂತು ರಾತ್ರಿಯದನ್ನೂ ಸೇರಿಸಿ ಉಂಡರೆ? ಕೋಸಲದ ರಾಜ ಪಸೇನದಿ ದೋಣ ಎಂಬ ಅಳತೆಯಷ್ಟು ಅನ್ನ ಉಣ್ಣುತ್ತಿದ್ದ. ನಮ್ಮ ಲೆಕ್ಕದಲ್ಲಿ ಒಂದು ಕೊಳಗ ಅಂದುಕೊಳ್ಳಿ. ಒಂದು ದಿನ ಉಂಡು, ಏದುಸಿರು ಬಿಡುತ್ತಾ ಬುದ್ಧನ ಬಳಿ ಬಂದ. ಬುದ್ಧ ಬೈಯಲಿಲ್ಲ. ಅಳತೆ ತಿಳಿದು ಉಣ್ಣುವವನಿಗೆ ನೋವು ಕಮ್ಮಿ, ಮುಪ್ಪು ನಿಧಾನ ಎಂಬ ಅರ್ಥದ ಒಂದು ಪದ್ಯ ಹೇಳಿದ. ರಾಜ ಸುದಸ್ಸನ ಎಂಬ ಹುಡುಗನಿಗೆ ಅದನ್ನು ಬಾಯಿಪಾಠ ಮಾಡಿಸಿ, ಊಟಕ್ಕೆ ಕೂತಾಗಲೆಲ್ಲ ಹೇಳು ಎಂದು ದಿನಕ್ಕೆ ನೂರು ಕಹಾಪಣ ನಾಣ್ಯ ಗೊತ್ತುಮಾಡಿದ. ಬರುಬರುತ್ತಾ ರಾಜನ ಊಟ ನಾಳಿಕೆಯಷ್ಟಕ್ಕೆ ಇಳಿಯಿತು, ಹೆಚ್ಚುಕಮ್ಮಿ ನಮ್ಮ ಪಾವು. ಮೈ ಹಗುರಾಗಿ ತನ್ನ ಕೈಕಾಲನ್ನು ತಾನೇ ಸವರಿಕೊಂಡು ಖುಷಿಪಟ್ಟನಂತೆ.

ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತನ ಸಲಹೆ ಇನ್ನೂ ಸುಲಭ. ನಾಲ್ಕೈದು ತುತ್ತು ಬಾಕಿ ಇರುವಾಗಲೇ ನಿಲ್ಲಿಸಿ ನೀರು ಕುಡಿ.

ಇದರ ಹಿಂದೆ ಬುದ್ಧನ ಸ್ವಂತ ಪಾಡೂ ಇದೆ. ಜ್ಞಾನಕ್ಕೆ ಮೊದಲು ಅವನು ಅನ್ನ ಬಿಟ್ಟು ಮೈ ಒಣಗಿಸಿಕೊಂಡಿದ್ದ. ಹೊಟ್ಟೆಯ ಚರ್ಮ ಮುಟ್ಟಿದರೆ ಬೆನ್ನೆಲುಬು ಕೈಗೆ ಸಿಗುತ್ತಿತ್ತು ಎಂದು ಅವನೇ ಹೇಳಿಕೊಂಡಿದ್ದಾನೆ. ಅದರಿಂದ ಏನೂ ಸಿಗಲಿಲ್ಲ. ಸುಜಾತೆ ಎಂಬಾಕೆ ಕೊಟ್ಟ ಪಾಯಸ ಉಂಡ ಮೇಲೆಯೇ ಬೋಧಿಯ ಕೆಳಗೆ ಕೂತ. ಹಾಗಾಗಿ ಮೈ ದಂಡಿಸುವ ಉಪವಾಸಕ್ಕೆ ಈ ದಾರಿಯಲ್ಲಿ ಬೆಲೆಯಿಲ್ಲ.

ಆಗದಿದ್ದರೆ?

ಅಷ್ಟಶೀಲ ಒಂದು ದಿನದ ಮಟ್ಟಿಗೆ ತಾನಾಗಿ ಹೊತ್ತುಕೊಳ್ಳುವ ಮಾತು. ಭಿಕ್ಷು ಸಿಕ್ಕರೆ ಅವರ ಮುಂದೆ, ಇಲ್ಲದಿದ್ದರೆ ಮನೆಯಲ್ಲೇ ಹೇಳಿಕೊಳ್ಳಬಹುದು. ಮುರಿದರೆ ಶಾಪ ಕೊಡುವ ದೇವರು ಇಲ್ಲಿಲ್ಲ. ಮತ್ತೆ ಶೀಲ ಹೇಳಿಕೊಂಡು ಮುಂದುವರಿಯುವುದು, ಅಷ್ಟೇ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ರಾತ್ರಿ ಊಟ ಬಿಡುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಬಸುರಿ, ಬಾಣಂತಿ, ಹೊಲದಲ್ಲಿ ಸಂಜೆವರೆಗೆ ಬಗ್ಗಿ ದುಡಿಯುವವರು ಐದು ಶೀಲದಲ್ಲೇ ನಿಂತರೂ ಅವರು ಪೂರ್ತಿ ಉಪಾಸಕರೇ.

ಇನ್ನು ಮನೆಗೆ ಕರೆಯುವವರಿಗೆ. ಅಂಥವರು ಬರುತ್ತಾರೆಂದು ಗೊತ್ತಿದ್ದರೆ ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿ ಹೌದಾ ಎಂದು ಕ್ಯಾಲೆಂಡರ್ ನೋಡಿ. ಹೌದಾದರೆ ಹನ್ನೊಂದೂವರೆಗೆ ಅವರಿಗೊಂದು ಎಲೆ ಹಾಕಿಬಿಡಿ. ತಡವಾದರೆ ಶೋಧಿಸಿದ ಪಾನಕ ಕೊಡಿ. ಒತ್ತಾಯ ಬೇಡ, ಕಟ್ಟಿಕೊಡಬಹುದು.

ಚಿಕ್ಕಮ್ಮ ಅವತ್ತು ಹಾಗೇ ಮಾಡಿದರು. ಹೊರಡುವಾಗ ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಕಾಯಿ ಒಬ್ಬಟ್ಟು ಇಟ್ಟು ಕೈಗೆ ಕೊಟ್ಟರು. ಮರುದಿನ ಬೆಳಿಗ್ಗೆ ಆರೂಮುಕ್ಕಾಲಿಗೆ ಬೇಲೂರಿನಿಂದ ಫೋನ್ ಬಂತು. "ಈಗ ತಾನೇ ತುಪ್ಪ ಹಾಕಿಕೊಂಡು ತಿಂದೆ ಕಣಮ್ಮ, ಎರಡು. ಡಬ್ಬಿ ಮುಂದಿನ ವಾರ ತಂದುಕೊಡ್ತೀನಿ."